ಕ್ಲಾಸಿಗೆ ಹುಲಿ ಬಂತು, ಪಾಠ ತಲೆಗೆ ಹೋಯ್ತಾ?

2020ರ ಲಾಕ್‌ಡೌನ್ ನೆನಪಿದೆಯಾ? ಗೂಗಲ್‌ನಲ್ಲಿ ‘ಟೈಗರ್’ ಅಂತ ಹುಡುಕಿ ಮೊಬೈಲ್ ಕ್ಯಾಮೆರಾ ಹಿಡಿದರೆ ಮನೆಯ ಚಾವಡಿಯಲ್ಲೇ ಹುಲಿ! ನಮ್ಮೆದುರಿನ ನಿಜವಾದ ಜಾಗದಲ್ಲಿ ಇಲ್ಲದ ವಸ್ತುವನ್ನು ಕ್ಯಾಮೆರಾ ಮೂಲಕ ತೋರಿಸುವ ಈ ತಂತ್ರವೇ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್. ಈಗ ಅದನ್ನು ಪಾಠಕ್ಕೂ ಬಳಸುತ್ತಾರೆ. ಎನ್‌ಸಿಇಆರ್‌ಟಿ ಕೂಡ ಇ-ಪಾಠಶಾಲಾ ಎಆರ್ ಎಂಬ ಆ್ಯಪ್ ಹೊರತಂದಿದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕನ್ನಡ ಶಾಲೆಗಳಲ್ಲಿ ಓದಿ, ಈಗ ಬೆಂಗಳೂರಲ್ಲೋ ದುಬೈಯಲ್ಲೋ ಕೆಲಸದಲ್ಲಿರುವವರಿಗೆ ‘ನಮ್ಮ ಶಾಲೆಗೂ ಇದು ಬರಲಿ’ ಅನ್ನಿಸುವುದು ಸಹಜ. ಬರಲಿ. ಆದರೆ ಯಾವ ಪಾಠಕ್ಕೆ ಅಂತ ಮೊದಲು ಯೋಚಿಸಬೇಕು.

ಕ್ಲಾಸಿಗೆ ತರಲಾಗದ್ದು ಯಾವುದು?

10ನೇ ತರಗತಿಯ ಹೃದಯದ ಪಾಠವನ್ನೇ ತಗೊಳ್ಳಿ. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಪುಸ್ತಕದ ಚಪ್ಪಟೆ ಚಿತ್ರದಲ್ಲಿ ಬಾಣದ ಗುರುತು ನೋಡಿ ಊಹಿಸಬೇಕು. ಎಆರ್‌ನಲ್ಲಿ ಹೃದಯ ಮೇಜಿನ ಮೇಲೆ ಬಡಿಯುತ್ತದೆ, ಸುತ್ತ ನಡೆದು ಹಿಂಬದಿಯನ್ನೂ ನೋಡಬಹುದು. ಸೌರವ್ಯೂಹ, ಜ್ವಾಲಾಮುಖಿಯಂಥ ಪಾಠಗಳಿಗೂ ಇದು ಒಳ್ಳೆಯದೇ.

ಆದರೆ ಗಂಗೊಳ್ಳಿ ಬಳಿ ಪಂಚಗಂಗಾವಳಿಯ ದಡದಲ್ಲೇ ಕಾಂಡ್ಲಾ ಗಿಡ ಇರುವಾಗ ಅದನ್ನು ಸ್ಕ್ರೀನಲ್ಲಿ ತೋರಿಸುವುದೇಕೆ? ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಭೂಗೋಳಕ್ಕೆ ಇದಕ್ಕಿಂತ ಒಳ್ಳೆ ಆ್ಯಪ್ ಎಂತ ಬೇಕು ಮಾರ್ರೆ?

ಎರಡೂ ಬೇಕಾಗುವ ಪಾಠಗಳೂ ಇವೆ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾದಿಂದ ಆದವು. ದೋಣಿ ಹತ್ತಿ ಹೋದರೆ ಆ ಬಂಡೆಯನ್ನು ಮಕ್ಕಳು ಮುಟ್ಟಬಹುದು. ಭೂಖಂಡಗಳು ಸರಿದದ್ದನ್ನು ಮಾತ್ರ ಸ್ಕ್ರೀನಿನಲ್ಲೇ ನೋಡಬೇಕು.

ಒಂದು ಫೋನು, ಮೂವತ್ತು ಮಕ್ಕಳು

ಹೆಚ್ಚಿನ ಶಾಲೆಗಳಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ. ಇರುವುದು ಟೀಚರ್ ಫೋನ್ ಒಂದೇ. ‘ನಂಗ್ ಕಾಂತಿಲ್ಲೆ ಟೀಚರ್’ ಎಂಬ ಕೂಗು ಹಿಂದಿನ ಬೆಂಚಿನಿಂದ ಗ್ಯಾರಂಟಿ. ಟಿವಿಗೆ ಜೋಡಿಸಿದರೆ ಎಲ್ಲರಿಗೂ ಕಾಣುತ್ತದೆ, ಆದರೆ ಸುತ್ತ ನಡೆದು ನೋಡುವ ಲಾಭ ತಪ್ಪುತ್ತದೆ. ಐದೈದು ಮಕ್ಕಳ ಗುಂಪು ಮಾಡಿ, ಒಂದು ಗುಂಪು ಫೋನಿನಲ್ಲಿ ನೋಡುವಾಗ ಉಳಿದವರು ಚಿತ್ರ ಬಿಡಿಸುವುದು ಸುಲಭದ ದಾರಿ.

ಎಲ್ಲ ಫೋನಿನಲ್ಲೂ ಎಆರ್ ಓಡುವುದಿಲ್ಲ ಎಂಬುದೂ ಗೊತ್ತಿರಲಿ. ಗೂಗಲ್‌ನ ಎಆರ್‌ಕೋರ್ ಬೇಡುವ ಆ್ಯಪ್‌ಗಳು ಅದರ ಪಟ್ಟಿಯಲ್ಲಿರುವ ಮಾಡೆಲ್‌ಗಳಲ್ಲಷ್ಟೇ ಕೆಲಸ ಮಾಡುತ್ತವೆ. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಹಾಗಾಗಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಒಂದೇ ಆ್ಯಪ್ ನಂಬಿ ಕೂರುವಂತೆಯೂ ಇಲ್ಲ. ಶಾಲೆಗಳಿಗೆಂದೇ ಮಾಡಿದ ಗೂಗಲ್ ಎಕ್ಸ್‌ಪೆಡಿಷನ್ಸ್ 2021ರಲ್ಲಿ ನಿಂತೇ ಹೋಯಿತು.

ಅರ್ಥ ಹೇಳುವವರು ಬೇಕು

ದೊಡ್ಡ ತೊಡಕು ಭಾಷೆಯದು. ಬಹುತೇಕ ಆ್ಯಪ್‌ಗಳಲ್ಲಿ ‘ಏಟ್ರಿಯಂ’, ‘ವೆಂಟ್ರಿಕಲ್’ ಅಂತ ಇಂಗ್ಲಿಷ್ ಹೆಸರುಗಳು. ಕನ್ನಡ ಮಾಧ್ಯಮದ ಮಗು ಪರೀಕ್ಷೆಯಲ್ಲಿ ಬರೆಯಬೇಕಾದ್ದು ಹೃತ್ಕರ್ಣ, ಹೃತ್ಕುಕ್ಷಿ. ಎರಡೂ ಒಂದೇ ಅಂತ ಬೋರ್ಡಿನ ಮೇಲೆ ಬರೆದು ತೋರಿಸದಿದ್ದರೆ ಆ ಮಗುವಿಗೆ ಹೃದಯ ಬಡಿದದ್ದಷ್ಟೇ ನೆನಪು, ಅಂಕ ಇಲ್ಲ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಯ ಮಾತಿನಲ್ಲೇ ಕುರುಕ್ಷೇತ್ರ ಕಣ್ಣೆದುರು ಬರುತ್ತದೆ. ಎಆರ್ ಕೊಡುವುದು ವೇಷ ಮಾತ್ರ. ಅರ್ಥ ಹೇಳಬೇಕಾದವರು ಟೀಚರೇ.

ಹಾಗಾಗಿ ಕೊಡಿ ಹಬ್ಬಕ್ಕೆ ಊರಿಗೆ ಬಂದಾಗ ಓದಿದ ಶಾಲೆಗೆ ಒಮ್ಮೆ ಹೋಗಿ. ಡ್ರಾಯರ್‌ನಲ್ಲಿ ಬಿದ್ದಿರುವ ಹಳೇ ಫೋನ್ ಎಆರ್‌ಕೋರ್ ಪಟ್ಟಿಯಲ್ಲಿದೆಯಾ ಅಂತ ನೋಡಿ, ನಿಮ್ಮ ಡೇಟಾ ಅಳಿಸಿ, ತಗೊಂಡು ಹೋಗಿ. ಟೀಚರ್ ಹತ್ತಿರ ‘ಮಕ್ಕಳಿಗೆ ಯಾವ ಪಾಠ ಕಷ್ಟ?’ ಅಂತ ಕೇಳಿ, ಆ ಒಂದು ಪಾಠಕ್ಕೆ ಸರಿಯಾದ ಆ್ಯಪ್ ಹುಡುಕಿ, ಅದರ ಕನ್ನಡ ಪದಗಳ ಪಟ್ಟಿ ಮಾಡಿ ಕೊಡಿ. ಅರ್ಧ ದಿನದ ಕೆಲಸ, ಅಷ್ಟೇ.