ಪ್ರಶ್ನೆಗೆ ಹೆದರದ ನಂಬಿಕೆ

ಓದಲೆಂದು ದೊಡ್ಡ ನಗರಕ್ಕೆ ಹೋದ ಮಕ್ಕಳು ಮನೆಯಲ್ಲಿ ಕಲಿತ ಪ್ರಾರ್ಥನೆಯನ್ನು ಮರೆತಾರೆಂಬ ಅಂಜಿಕೆ ಯಾವ ಧರ್ಮದ ತಂದೆತಾಯಿಗೂ ಹೊಸದಲ್ಲ. ಇವಾಂಜೆಲಿಕಲ್ ಕ್ರೈಸ್ತರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಅವರಿಗೆ ಬೈಬಲ್ಲೇ ಪ್ರಮಾಣ. ಕ್ರೈಸ್ತರ ಮನೆಯಲ್ಲಿ ಹುಟ್ಟಿದರೆ ಸಾಲದು. ಪ್ರತಿಯೊಬ್ಬರೂ ತಾವೇ ಯೇಸುವನ್ನು ನಂಬಿ ಬದುಕು ತಿದ್ದಿಕೊಳ್ಳಬೇಕು, ಆ ಸುವಾರ್ತೆಯನ್ನು ಇತರರಿಗೂ ಸಾರಬೇಕು. ಅಂದಮೇಲೆ ತಂದೆತಾಯಿಯ ನಂಬಿಕೆ ಮಕ್ಕಳಿಗೆ ಆಸ್ತಿಯಂತೆ ತಾನಾಗಿ ಬರುವುದಿಲ್ಲ.

ನೆರೆಹೊರೆಯವರೆಲ್ಲ ಚರ್ಚಿಗೆ ಹೋಗುವ ಸಣ್ಣ ಪಟ್ಟಣದಲ್ಲಿ ಇದು ಅಷ್ಟು ಕಷ್ಟವಲ್ಲ. ಆದರೆ ಬ್ಯಾಂಕು, ಪತ್ರಿಕೆ, ರಂಗಭೂಮಿಗಳ ಕೇಂದ್ರವಾದ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ? 1989ರಲ್ಲಿ ಟಿಮ್ ಕೆಲ್ಲರ್ ಎಂಬ ಸಭಾಪಾಲಕರು ಪತ್ನಿ ಕ್ಯಾಥಿ ಮತ್ತು ಮೂವರು ಗಂಡುಮಕ್ಕಳೊಡನೆ ಆ ನಗರಕ್ಕೆ ಬಂದು ರಿಡೀಮರ್ ಪ್ರೆಸ್ಬಿಟೀರಿಯನ್ ಚರ್ಚನ್ನು ಆರಂಭಿಸಿದರು. ಬಹುಕಾಲ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಹಂಟರ್ ಕಾಲೇಜಿನ ಸಭಾಂಗಣವೇ ಆರಾಧನೆಯ ಸ್ಥಳವಾಗಿತ್ತು. ಕ್ರಮೇಣ ಭಾನುವಾರಗಳಂದು ಸುಮಾರು 5,000 ಜನ ಬರತೊಡಗಿದರು. ಅವರಲ್ಲಿ ಓದಿ ಕೆಲಸಕ್ಕೆ ಸೇರಿದ ಯುವಕ ಯುವತಿಯರೇ ಹೆಚ್ಚು.

ಇದು ಹೇಗೆ ಸಾಧ್ಯವಾಯಿತು? ನಂಬದವರೂ ಎದುರಿಗೆ ಕುಳಿತಿದ್ದಾರೆಂದು ತಿಳಿದೇ ಕೆಲ್ಲರ್ ಮಾತನಾಡುತ್ತಿದ್ದರು. ಉಪದೇಶ ಮುಗಿದ ಮೇಲೆ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. 2008ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಸಂಶಯವನ್ನೇ ಕಾಣದ ನಂಬಿಕೆಯನ್ನು ಪ್ರತಿಕಾಯಗಳಿಲ್ಲದ ದೇಹಕ್ಕೆ ಹೋಲಿಸಿದ್ದಾರೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾದೀತು. ರೋಗಾಣುವಿನ ಪರಿಚಯವಾದ ಮೇಲೆಯೇ ದೇಹವು ಅದಕ್ಕೆ ತಕ್ಕ ಪ್ರತಿಕಾಯವನ್ನು ತಯಾರಿಸುವುದು. ಲಸಿಕೆಯ ಗುಟ್ಟೂ ಇದೇ.

ವಿಜ್ಞಾನ ಓದಿದರೆ ದೇವರು ದೂರವಾಗುತ್ತಾನೆಯೇ? ಕೆಲ್ಲರ್ ಅವರ ಗೆಳೆಯ ಫ್ರಾನ್ಸಿಸ್ ಕಾಲಿನ್ಸ್ ಓದುವ ವಯಸ್ಸಿನಲ್ಲಿ ನಾಸ್ತಿಕರಾಗಿದ್ದರು. ತಮ್ಮ ನಂಬಿಕೆಯೇನೆಂದು ರೋಗಿಯೊಬ್ಬರು ಕೇಳಿದಾಗ ಈ ವೈದ್ಯರಿಗೆ ಉತ್ತರ ಹೊಳೆಯಲಿಲ್ಲ. ಹುಡುಕಲು ಹೊರಟವರು 27ನೆಯ ವಯಸ್ಸಿನಲ್ಲಿ ಕ್ರೈಸ್ತರಾದರು. ಮುಂದೆ, 2003ರಲ್ಲಿ ಪೂರ್ಣಗೊಂಡ ಮಾನವ ಜೀನೋಮ್ ಯೋಜನೆಯ ನೇತೃತ್ವ ವಹಿಸಿದರು. ಇವಾಂಜೆಲಿಕಲರಲ್ಲಿ ಅನೇಕರು ಒಪ್ಪದ ಜೀವವಿಕಾಸವನ್ನು ಕಾಲಿನ್ಸ್ ಒಪ್ಪುತ್ತಾರೆ; ಹಾಗೆಂದು ಪ್ರಾರ್ಥನೆ ಬಿಟ್ಟಿಲ್ಲ.

ಪ್ರಶ್ನೆಗೆ ಕಿವಿಗೊಡುವುದೆಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ಕೆಲ್ಲರ್ ಅವರ ಪಂಗಡ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡುವುದಿಲ್ಲ. 2017ರಲ್ಲಿ ಪ್ರಿನ್ಸ್‌ಟನ್ ದೇವತಾಶಾಸ್ತ್ರ ವಿದ್ಯಾಲಯ ಅವರಿಗೆ ಪ್ರಶಸ್ತಿ ಘೋಷಿಸಿದಾಗ ಈ ಕಾರಣಕ್ಕೆ ಪ್ರತಿಭಟನೆ ಎದ್ದಿತು, ಪ್ರಶಸ್ತಿ ರದ್ದಾಯಿತು. ಪ್ರತಿಭಟಿಸಿದವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಕೆಲ್ಲರ್ ತಮ್ಮ ನಿಲುವು ಬದಲಿಸಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಪ್ರಶಸ್ತಿಯಿಲ್ಲದೆಯೇ ಅಲ್ಲಿಗೆ ಹೋಗಿ ಉಪನ್ಯಾಸ ಕೊಟ್ಟು ಬಂದರು. 2023ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಅವರ ಮತವನ್ನು ನಾವು ಒಪ್ಪಬೇಕೆಂದೇನಿಲ್ಲ. ಆದರೆ ಮಕ್ಕಳನ್ನು ನಗರಕ್ಕೆ ಕಳುಹಿಸುವ ತಂದೆತಾಯಿ ಒಂದನ್ನು ಗಮನಿಸಬಹುದು. ಗದರಿಸಿ ಬಾಯಿ ಮುಚ್ಚಿಸಿದರೆ ಮಗುವಿನ ಪ್ರಶ್ನೆ ಮಾಯವಾಗುವುದಿಲ್ಲ. ಅದರ ಜೊತೆಯಲ್ಲೇ ಹಾಸ್ಟೆಲಿಗೆ ಹೋಗುತ್ತದೆ. ಅದಕ್ಕಿಂತ ಮನೆಯಲ್ಲೇ ಕೂತು, ಉತ್ತರ ಗೊತ್ತಿಲ್ಲದಿದ್ದರೆ ಜೊತೆಯಾಗಿ ಹುಡುಕುವುದು ಒಳ್ಳೆಯದಲ್ಲವೇ?