ಅಪ್ಪನ ಸೈಕಲ್‌ಗೆ ಮಗನ ಚಕ್ರ. ಬ್ರೇಕಿಗೆ ಮಾತ್ರ ದಿಕ್ಕಿಲ್ಲ!

ಮಂಡ್ಯ: ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಕ್ಕಿ ಮೂಟೆ ಎಲ್ಲಕ್ಕೂ ಹೆಗಲು ಕೊಟ್ಟ 28 ಇಂಚಿನ ಹಳೆ ಸೈಕಲ್ಲುಗಳು ಜಿಲ್ಲೆಯಲ್ಲಿ ಇನ್ನೂ ಉರುಳುತ್ತಿವೆ. ಫ್ರೇಮು ಗಟ್ಟಿ, ಚಕ್ರ ಮಾತ್ರ ಲಟಾರಿ. ರಿಮ್ಮಿಗೆ ತುಕ್ಕು, ಕಡ್ಡಿಗಳು ಸಡಿಲ. ಅದೇ ಮನೆಯ ಜಗಲಿಯಲ್ಲಿ ಮಗ ಬಿಟ್ಟುಹೋದ ದಪ್ಪ ಟೈರಿನ 26 ಇಂಚಿನ ಸೈಕಲ್ ಧೂಳು ತಿನ್ನುತ್ತ ನಿಂತಿರುತ್ತದೆ. "ಎರಡಿಂಚು ತಾನೆ ಕಮ್ಮಿ, ಹಾಕ್ಬುಡಣ್ಣ" ಎಂಬ ಮಾತು ಸೈಕಲ್ ಶಾಪಿನ ಮುಂದೆ ಹುಟ್ಟುವುದೇ ಹೀಗೆ. ಒಂದಿಷ್ಟು ಒತ್ತಿ, ಒಂದಿಷ್ಟು ಅಗಲಿಸಿದರೆ ಚಕ್ರ ಕೂರುತ್ತದೆ, ತಿರುಗುತ್ತದೆ. ಗಿರಾಕಿ ಕಾಸು ಕೊಟ್ಟು ಹತ್ತಿ ಹೊರಡುತ್ತಾನೆ. ನಿಲ್ಲಿಸುವ ಮಾತು ಬಂದಾಗಲೇ ಅಸಲಿ ಸಂಗತಿ ಹೊರಬೀಳುವುದು.

ಈಗ ರಸ್ತೆಯೂ ಮೊದಲಿನಂತಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇಯ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶ ನಿಂತಿತು, ಸೈಕಲ್ಲಿಗೂ ಇಲ್ಲ. ಎಲ್ಲರೂ ಸರ್ವಿಸ್ ರಸ್ತೆಗೇ ಬಂದರು. ಅಲ್ಲಿ ಅಂಡರ್‌ಪಾಸಿನ ಇಳಿಜಾರು, ಎದುರಿಗೆ ಬಸ್ಸು. ಹಿಂದೆ ಎರಡು ಕ್ಯಾನು ಹಾಲು ತೂಗುತ್ತಿರುವಾಗ ಕಾಲು ಊರಿ ನಿಲ್ಲಿಸುತ್ತೇನೆ ಎನ್ನುವುದು ಹುಡುಗಾಟವಲ್ಲ.

ಹಳೆಯ ಸೈಕಲ್ಲಿನ ಸರಳಿನ ಬ್ರೇಕ್ ನೋಡಿದ್ದೀರಲ್ಲ? ಹಿಡಿ ಅದುಮಿದರೆ ಸರಳು ಮೇಲೆಳೆಯುತ್ತದೆ. ಲಾಳದಾಕಾರದ ಕಬ್ಬಿಣದ ತುದಿಯ ಎರಡು ರಬ್ಬರುಗಳು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿ ಇರುವ ಕಡೆಗೆ, ಕೆಳಗಿನಿಂದ ಒತ್ತುತ್ತವೆ. ಆ ರಿಮ್ಮಿನ ಮೈಯನ್ನೇ ಅದಕ್ಕಾಗಿ ಕಡ್ಡಿಗಳ ಎರಡೂ ಪಕ್ಕದಲ್ಲಿ ಬಾಗಿಸಿ ಮಾಡಿರುತ್ತಾರೆ. ಟೈರು ಕೂರುವ ಜಾಗದಲ್ಲಿ 28ರ ಹಳೆ ರಿಮ್ಮಿನ ಅಡ್ಡಳತೆ 635 ಮಿಲಿಮೀಟರ್. ಮಗನ ಸೈಕಲ್ಲಿನದು 559. ಅರ್ಧ ಮಾಡಿದರೆ 38 ಮಿಲಿಮೀಟರ್ ವ್ಯತ್ಯಾಸ. ರಬ್ಬರು ಇದ್ದಲ್ಲೇ ಇದೆ, ರಿಮ್ಮು ಒಂದೂವರೆ ಇಂಚು ಕೆಳಗೆ ಹೋಯಿತು. ಬ್ರೇಕ್ ಹಿಡಿದರೆ ರಬ್ಬರು ಇನ್ನೂ ಮೇಲಕ್ಕೇ ಹೋಗುತ್ತದೆ, ರಿಮ್ಮಿನಿಂದ ಇನ್ನೂ ದೂರ! ಸರಳು ಉದ್ದ ಮಾಡಿಸಿ ಇಳಿಸಿದರೂ ಹೊಸ ಕಾಲದ ರಿಮ್ಮಿನ ಒಳಮೈಯಲ್ಲಿ ಅದು ಕೂರಲು ಜಾಗವೇ ಇಲ್ಲ.

ಹಾಗಾದರೆ ಕೇಬಲ್ಲಿನ ಇಕ್ಕಳ ಬ್ರೇಕ್ ಹಾಕಿದರಾಯಿತು ಅನ್ನುವವರುಂಟು. ಅದು ರಿಮ್ಮಿನ ಪಕ್ಕ ಹಿಡಿಯುವ ಬ್ರೇಕು, ಹೊಸ ರಿಮ್ಮಿಗೆ ಸರಿಯೇ. ಆದರೆ ಅದರ ಕೈ 28ರ ಫೋರ್ಕಿನ ತಲೆಯಿಂದ 26ರ ರಿಮ್ಮಿನ ತನಕ ಇಳಿಯಬೇಕು. ಸಾಮಾನ್ಯ ಇಕ್ಕಳಕ್ಕೆ ಅಷ್ಟು ಉದ್ದವಿಲ್ಲ. ಬೋಲ್ಟು ತೀರಾ ಕೆಳಗೆ ತಳ್ಳಿ "ಆಯ್ತು ಹೋಗಿ" ಅನ್ನುವ ಕೆಲಸ ಮಾತ್ರ ಯಾರೂ ಮಾಡಿಸಬಾರದು. ರಬ್ಬರು ಮೇಲೆ ಉಳಿದರೆ ಟೈರನ್ನು ಕೊಯ್ಯುತ್ತದೆ. ಕೆಳಕ್ಕೆ ಜಾರಿದರೆ ಕಡ್ಡಿಗೆ ನುಗ್ಗಿ ಚಕ್ರ ಕಚ್ಚಿಕೊಳ್ಳುತ್ತದೆ. ಮುಂದಿನ ಚಕ್ರ ಕಚ್ಚಿದರೆ ಸವಾರ ಹ್ಯಾಂಡಲ್ ದಾಟಿ ರಸ್ತೆಗೆ. ಉದ್ದ ಕೈಯ ಇಕ್ಕಳ ಸಿಕ್ಕಿದರೆ ಸರಿ. ಬೋಲ್ಟಿಗೆ ತೂತಿಲ್ಲದ ಹಳೆ ಫೋರ್ಕಿಗೆ ಡ್ರಿಲ್ ಹಾಕುವುದಕ್ಕಿಂತ ಫೋರ್ಕನ್ನೇ ಬದಲಿಸುವುದು ವಾಸಿ.

ಚಕ್ರದ ಅಳತೆಗೂ ತನಗೂ ಸಂಬಂಧವಿಲ್ಲ ಎನ್ನುವ ಬ್ರೇಕೂ ಇದೆ: ಹಬ್ಬಿನೊಳಗಿನ ಡ್ರಮ್ ಬ್ರೇಕು, ಇಲ್ಲವೇ ಹಿಂದಿನ ಹಬ್ಬಿನ ಬ್ಯಾಂಡ್ ಬ್ರೇಕು. ರಿಮ್ಮು ದೊಡ್ಡದಾದರೇನು, ಚಿಕ್ಕದಾದರೇನು, ಹಿಡಿಯುವುದು ನಡುವಿನಲ್ಲಿ. ಮಳೆಯಲ್ಲಿ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ. ಮುಚ್ಚಿದ ಡ್ರಮ್ಮಿಗೆ ಆ ಪಾಡಿಲ್ಲ. ಆದರೆ ಅದರ ಪಕ್ಕದ ಪಟ್ಟಿಯನ್ನು ಫ್ರೇಮಿಗೆ ಕ್ಲಿಪ್ಪು ಹಾಕಿ ಬಿಗಿಯಲೇಬೇಕು. ಕ್ಲಿಪ್ಪು ಬಿಟ್ಟರೆ ಬ್ರೇಕು ಹಿಡಿದಾಗ ಆ ತಟ್ಟೆಯೇ ಚಕ್ರದ ಜೊತೆ ಸುತ್ತಲು ನೋಡುತ್ತದೆ.

ಇನ್ನು ಪೆಡಲಿನ ವಿಷಯ. ದಪ್ಪ ಟೈರು ಸೇರಿಸಿ ಲೆಕ್ಕ ಹಾಕಿದರೂ ಎರಡೂ ಚಕ್ರ ಬದಲಿಸಿದಾಗ ಪೆಡಲು ಸುಮಾರು ಎರಡು ಸೆಂಟಿಮೀಟರ್ ನೆಲಕ್ಕೆ ಹತ್ತಿರವಾಗುತ್ತದೆ. ತಿರುವಿನಲ್ಲಿ ತುಳಿಯುತ್ತ ವಾಲಿದರೆ ಉಜ್ಜುತ್ತದೆ. ಮುಂದಿನದೊಂದನ್ನೇ ಚಿಕ್ಕದು ಮಾಡಿದರೆ ಸೈಕಲ್ ಮುಂದಕ್ಕೆ ತಗ್ಗಿ ಹ್ಯಾಂಡಲ್ ಚಂಚಲವಾಗುತ್ತದೆ. ಹಿಂದೆ ಇಂಗ್ಲೆಂಡಿನ ಅಂಗಡಿಗಳವರು ಸಾಮಾನು ಸಾಗಿಸುತ್ತಿದ್ದ ಬುಟ್ಟಿ ಸೈಕಲ್ಲಿಗೆ ಮುಂದಿನ ಚಕ್ರ ಚಿಕ್ಕದೇ ಇರುತ್ತಿತ್ತು, ನಿಜ. ಆದರೆ ಅದರ ಫ್ರೇಮನ್ನು ಆ ಚಕ್ರಕ್ಕೆಂದೇ ಕಟ್ಟಿರುತ್ತಿದ್ದರು.

ಗೇರಿನ ಹಿಂದಿನ ಚಕ್ರ ತುರುಕುವವರ ಕಥೆ ಬೇರೆ. ಅದರ ಹಬ್ಬು 130–135 ಮಿಲಿಮೀಟರ್ ಅಗಲ, ಹಳೆ ಫ್ರೇಮಿನಲ್ಲಿರುವ ಜಾಗ ಸುಮಾರು 110. ಕಬ್ಬಿಣ ಬಗ್ಗುತ್ತದೆ, ಬಗ್ಗಿದ ಮೇಲೆ ಎರಡು ಕಾಲೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ.

ಟೈರಿನ ನಂಬರಿನಲ್ಲೂ ಮೋಸ ಉಂಟು. 26 ಅಂದರೆ ಒಂದೇ 26 ಅಲ್ಲ. 26×1⅜ರ ರಿಮ್ಮು 590, 26×1½ರದು 584, 26×1.75ರದು 559. ಭಿನ್ನರಾಶಿಯ ಟೈರು ದಶಾಂಶದ ರಿಮ್ಮಿಗೆ ಕೂರುವುದಿಲ್ಲ. ಟೈರಿನ ಮಗ್ಗುಲಲ್ಲಿ 40-635, 57-559 ಎಂದು ಒತ್ತಿದ್ದರೆ ಅದರ ಎರಡನೇ ಅಂಕಿಯನ್ನೇ ನಂಬಬೇಕು.

ಕೈಯಲ್ಲಿ ಇನ್ನಷ್ಟು ಕಾಸಿದ್ದರೆ ಹಳೆ ಹಬ್ಬಿಗೇ ಹೊಸ 28ರ ರಿಮ್ಮು ಕಟ್ಟಿಸುವುದು ಸಲೀಸು. ಸರಳಿನ ಬ್ರೇಕು ಹಾಗೇ ಉಳಿಯುತ್ತದೆ. ಅಂಗಡಿಗೆ ಹೋಗುವಾಗ ಕಡ್ಡಿ ಎಣಿಸಿಕೊಂಡು ಹೋಗಿ. ಹಳೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40. ಎರಡಕ್ಕೂ 36 ತೂತಿನ ರಿಮ್ಮು ತಂದರೆ ವಾಪಸ್ ಹೋಗಬೇಕಾದೀತು. ಯಾವ ಚಕ್ರವೇ ಹಾಕಿಸಿ, ಶಾಪಿನ ಮುಂದೆಯೇ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ಮೇಲೇಳಬೇಕು. ಎದ್ದರೆ ರಿಮ್ಮಿನ ಮೇಲೆ ಒಂದು ಚೊಂಬು ನೀರು ಸುರಿದು ಇನ್ನೊಮ್ಮೆ ತಳ್ಳಿ ನೋಡಿ, ಆಮೇಲೆ ಕಾಸು ಕೊಡಿ.