ಟೈಟಾನಿಯಂ ಅಲ್ಯುಮಿನೈಡ್: ಗುಣ ಮತ್ತು ಸಂಸ್ಕರಣೆ

ಟೈಟಾನಿಯಂ ಮತ್ತು ಅಲ್ಯುಮಿನಿಯಂ ಪರಮಾಣುಗಳು ನಿಯತ ಕ್ರಮದಲ್ಲಿ ಜೋಡಣೆಗೊಂಡು ಉಂಟಾಗುವ ಟೈಟಾನಿಯಂ ಅಲ್ಯುಮಿನೈಡ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4 ಗ್ರಾಂ. ಅಂದರೆ ನಿಕಲ್ ಮಿಶ್ರಲೋಹಗಳ ಅರ್ಧದಷ್ಟು. ಸುಮಾರು 750 ಡಿಗ್ರಿ ಸೆಲ್ಸಿಯಸ್‌ವರೆಗೆ ಇದು ತನ್ನ ಬಲವನ್ನು ಉಳಿಸಿಕೊಳ್ಳುತ್ತದೆ. ಈ ಕಾರಣದಿಂದಲೇ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು, 2011ರಲ್ಲಿ ಸೇವೆಗೆ ಬಂದ ತನ್ನ ಜಿಇಎನ್‌ಎಕ್ಸ್ ವಿಮಾನ ಎಂಜಿನ್ನಿನ ಕಡಿಮೆ ಒತ್ತಡದ ಟರ್ಬೈನಿನ ಅಲಗುಗಳಿಗೆ ಇದನ್ನು ಬಳಸಿತು.

ಆದರೆ ಸಾಮಾನ್ಯ ಉಷ್ಣತೆಯಲ್ಲಿ ಈ ಲೋಹ ಬಹು ಪೆಡಸು. ಮುರಿಯುವ ಮುನ್ನ ಶೇಕಡಾ 1ರಿಂದ 2ರಷ್ಟು ಮಾತ್ರ ಹಿಗ್ಗುತ್ತದೆ. ಕರಗಿದಾಗ ಗಾಳಿಯೊಡನೆಯೂ ಮೂಸೆಯೊಡನೆಯೂ ವರ್ತಿಸುವುದರಿಂದ, ನಿರ್ವಾತದಲ್ಲಿ, ನೀರಿನಿಂದ ತಂಪಾಗಿಸಿದ ತಾಮ್ರದ ಮೂಸೆಯಲ್ಲಿ ಕರಗಿಸಿ ಎರಕ ಹೊಯ್ಯುವುದು ರೂಢಿ. ಲೋಹದ ಪುಡಿಯನ್ನು ಎಲೆಕ್ಟ್ರಾನ್ ಕಿರಣದಿಂದ ಪದರಪದರವಾಗಿ ಕರಗಿಸುವ ಹೊಸ ವಿಧಾನದಲ್ಲಿ, ಪುಡಿಯ ಹಾಸನ್ನು ಸುಮಾರು 1000 ಡಿಗ್ರಿಯಲ್ಲಿಟ್ಟು ಬಿರುಕನ್ನು ತಪ್ಪಿಸಲಾಗುತ್ತದೆ.

ಯಂತ್ರಗೆಲಸದಲ್ಲಿ ಇದನ್ನು ಮಾಮೂಲಿ ಟೈಟಾನಿಯಂನಂತೆ ಭಾವಿಸಲಾಗದು. ಅಂಚು ಚಕ್ಕೆಯೇಳುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಟೂಲ್ ಬೇಗ ಸವೆಯುತ್ತದೆ. ಹರಿತವಾದ ಕಾರ್ಬೈಡ್ ಟೂಲ್, ಕಡಿಮೆ ವೇಗ, ಅಲ್ಪ ಆಳದ ಕಟಿಂಗ್ ಹಾಗೂ ಧಾರಾಳ ಕೂಲೆಂಟ್ ಅಗತ್ಯ. ಆದ್ದರಿಂದ ಇಂತಹ ಬಿಡಿಭಾಗಗಳ ಆರ್ಡರ್ ಒಪ್ಪಿಕೊಳ್ಳುವ ಸಣ್ಣ ಉದ್ದಿಮೆದಾರರು ದರ ನಮೂದಿಸುವಾಗ, ಕಚ್ಚಾವಸ್ತುವಿನ ಬೆಲೆಯೊಂದಿಗೆ ಟೂಲ್ ಸವೆತ, ಬಿರುಕು ತಪಾಸಣೆ ಮತ್ತು ತಿರಸ್ಕೃತ ಭಾಗಗಳ ವೆಚ್ಚವನ್ನೂ ಸೇರಿಸುವುದು ಕ್ಷೇಮ.